ವಿಜ್ಞಾನ ಅಪ್ರೆಂಟಿಸ್‌ಶಿಪ್‌ಗೆ ಅರ್ಜಿ: ಅನುಭವವಿಲ್ಲದವರು ಏನನ್ನು ಬರೆಯಬೇಕು?

ಪ್ರಶ್ನೆ: ನಾನು ಶಾಲೆಯ ಕೊನೆಯ ವರ್ಷದ ವಿಜ್ಞಾನ ವಿದ್ಯಾರ್ಥಿ. ಓದು ಮುಗಿದ ಕೂಡಲೇ ಕಾಲೇಜು ಸೇರುವ ಬದಲು ಪ್ರಯೋಗಾಲಯವೊಂದರಲ್ಲಿ ಅಪ್ರೆಂಟಿಸ್ ಆಗಿ ಸೇರಿ, ಕೆಲಸ ಮಾಡುತ್ತಲೇ ಕಲಿಯಬೇಕೆಂಬ ಆಸೆಯಿದೆ. ಈವರೆಗೆ ಆರು ಕಡೆ ಅರ್ಜಿ ಹಾಕಿದ್ದೇನೆ. ಒಂದು ಕಡೆಯಿಂದಲೂ ಸಂದರ್ಶನಕ್ಕೆ ಕರೆ ಬಂದಿಲ್ಲ. ನನ್ನ ಅಂಕಗಳು ತೀರಾ ಕಡಿಮೆಯಲ್ಲ, ಹೆಚ್ಚೂ ಅಲ್ಲ. ಶಾಲೆಯ ಪ್ರಾಯೋಗಿಕ ತರಗತಿಗಳನ್ನು ಬಿಟ್ಟರೆ ಬೇರೆ ಅನುಭವವಿಲ್ಲ. ಎಲ್ಲ ಅರ್ಜಿಗಳನ್ನೂ ‘ಚಿಕ್ಕಂದಿನಿಂದಲೂ ನನಗೆ ವಿಜ್ಞಾನದಲ್ಲಿ ಅಪಾರ ಆಸಕ್ತಿ. ನಾನು ಪರಿಶ್ರಮಿ, ತಂಡದೊಂದಿಗೆ ಹೊಂದಿಕೊಂಡು ಕೆಲಸ ಮಾಡಬಲ್ಲೆ’ ಎಂದು ಆರಂಭಿಸಿದ್ದೆ. ನಾನು ಎಲ್ಲಿ ತಪ್ಪುತ್ತಿದ್ದೇನೆ? ಅನುಭವವೇ ಇಲ್ಲದವರು ಬಲವಾದ ಅರ್ಜಿ ಬರೆಯಲು ಸಾಧ್ಯವೇ?

ಉತ್ತರ: ಖಂಡಿತ ಸಾಧ್ಯ. ನೀವು ಬರೆದ ಆ ಎರಡು ವಾಕ್ಯಗಳಲ್ಲಿ ಸುಳ್ಳೇನೂ ಇಲ್ಲವೆಂದು ನಾನು ನಂಬುತ್ತೇನೆ. ಆದರೆ ಓದಿದವರಿಗೆ ಅವು ನಿಜವೋ ಅಲ್ಲವೋ ಎಂದು ತಿಳಿದುಕೊಳ್ಳುವ ದಾರಿಯೇ ಇಲ್ಲ. ಪರೀಕ್ಷಣಾ ಪ್ರಯೋಗಾಲಯವೊಂದರಲ್ಲಿ ಅಪ್ರೆಂಟಿಸ್‌ಗಳಿಗೆ ಕೆಲಸ ಕಲಿಸುತ್ತ, ಅವರ ಅರ್ಜಿಗಳನ್ನು ಓದುತ್ತ ನಾನು ಹಲವು ವರ್ಷ ಕಳೆದಿದ್ದೇನೆ. ಆಸಕ್ತಿ, ಪರಿಶ್ರಮ, ಹೊಂದಾಣಿಕೆ ಎಂಬ ಮೂರು ಪದಗಳಿಲ್ಲದ ಅರ್ಜಿಯನ್ನು ನೋಡಿದ ನೆನಪು ನನಗಿಲ್ಲ. ಎಲ್ಲರೂ ಬರೆಯುವ ಮಾತಿನಿಂದ ಒಬ್ಬರನ್ನು ಮತ್ತೊಬ್ಬರಿಂದ ಬೇರ್ಪಡಿಸಲು ಆಗದು. ಹಾಗಾಗಿ ಓದುವವರ ಕಣ್ಣು ಆ ಸಾಲುಗಳ ಮೇಲೆ ನಿಲ್ಲದೆ ನೇರವಾಗಿ ಅಂಕಪಟ್ಟಿಗೆ ಹೋಗುತ್ತದೆ, ಮಧ್ಯಮ ಅಂಕದವರ ಅರ್ಜಿ ಪಕ್ಕಕ್ಕೆ ಸರಿಯುತ್ತದೆ. ನಿಮ್ಮ ಆರು ಅರ್ಜಿಗಳಿಗೂ ಬಹುಶಃ ಹೀಗೆಯೇ ಆಗಿದೆ.

ಅರ್ಜಿ ಓದುವವರ ಮನಸ್ಸಿನಲ್ಲಿ ಏನಿರುತ್ತದೆ ಎಂಬುದನ್ನು ಮೊದಲು ತಿಳಿದುಕೊಂಡರೆ ಮುಂದಿನ ದಾರಿ ಸುಲಭವಾಗುತ್ತದೆ. ಪ್ರಯೋಗಾಲಯದಿಂದ ಹೊರಗೆ ಹೋಗುವುದು ಒಂದು ಸಂಖ್ಯೆ, ಅದರ ಕೆಳಗೆ ಒಂದು ಸಹಿ. ಈ ನೀರಿನಲ್ಲಿ ನೈಟ್ರೇಟ್ ಇಷ್ಟಿದೆ, ಈ ಮಾತ್ರೆಯಲ್ಲಿ ಔಷಧಾಂಶ ಇಷ್ಟಿದೆ, ಈ ರಕ್ತದ ಮಾದರಿಯಲ್ಲಿ ಸಕ್ಕರೆ ಇಷ್ಟಿದೆ ಎಂಬ ಆ ಸಂಖ್ಯೆಯನ್ನು ನಂಬಿ ಬೇರೆ ಯಾರೋ ನಿರ್ಧಾರ ತೆಗೆದುಕೊಳ್ಳುತ್ತಾರೆ. ಹೊಸದಾಗಿ ಸೇರಿದ ಹುಡುಗನೋ ಹುಡುಗಿಯೋ ಕೆಲವೇ ತಿಂಗಳಲ್ಲಿ ತೂಕ ಮಾಡುವುದು, ಅಳೆಯುವುದು, ಬರೆದಿಡುವುದು ಎಲ್ಲವನ್ನೂ ತಾವಾಗಿಯೇ ಮಾಡಬೇಕಾಗುತ್ತದೆ. ಪ್ರತಿ ಹನಿಯ ಮೇಲೂ ಕಣ್ಣಿಟ್ಟು ಕೂರಲು ಹಿರಿಯರಿಗೆ ಬಿಡುವಿರುವುದಿಲ್ಲ. ಆದ್ದರಿಂದ ನಾವು ಅರ್ಜಿಯಲ್ಲಿ ಹುಡುಕುವುದು ಒಂದೇ ಪ್ರಶ್ನೆಗೆ ಉತ್ತರ: ಯಾರೂ ನೋಡದಿದ್ದಾಗಲೂ ಈ ವ್ಯಕ್ತಿ ಕಂಡದ್ದನ್ನು ಕಂಡಂತೆಯೇ ಬರೆದಿಡುವರೇ? ಇದಕ್ಕೆ ಉತ್ತರ ಕೊಡುವ ಅರ್ಜಿ ಬಲವಾದ ಅರ್ಜಿ. ಅದಕ್ಕೆ ಬೇಕಾದ ಸಾಮಗ್ರಿ ಶಾಲೆಯ ಪ್ರಯೋಗಾಲಯದಲ್ಲಿಯೇ ಧಾರಾಳವಾಗಿ ಸಿಗುತ್ತದೆ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಹೆಚ್ಚಿನ ವಿದ್ಯಾರ್ಥಿಗಳು ‘ಶಾಲೆಯಲ್ಲಿ ಟೈಟ್ರೇಶನ್ ಮಾಡಿದ ಅನುಭವವಿದೆ’ ಎಂದು ಒಂದು ಸಾಲು ಬರೆದು ಮುಂದೆ ಹೋಗುತ್ತಾರೆ. (ಬ್ಯುರೆಟ್ ಎಂಬ ಗೆರೆ ಹಾಕಿದ ಗಾಜಿನ ಕೊಳವೆಯಿಂದ ಒಂದು ದ್ರಾವಣವನ್ನು ಹನಿಹನಿಯಾಗಿ ಬಿಟ್ಟು, ಇನ್ನೊಂದು ದ್ರಾವಣದ ಸಾಂದ್ರತೆಯನ್ನು ಅಳೆಯುವುದೇ ಟೈಟ್ರೇಶನ್.) ಅದೇ ಅನುಭವವನ್ನು ಹೀಗೆ ಬರೆದರೆ ಏನಾಗುತ್ತದೆ ನೋಡಿ:

‘ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಸೋಡಿಯಂ ಹೈಡ್ರಾಕ್ಸೈಡ್ ಟೈಟ್ರೇಶನ್‌ನಲ್ಲಿ ನನ್ನ ಮೊದಲ ಮೂರು ರೀಡಿಂಗ್‌ಗಳು 24.90, 24.30 ಮತ್ತು 25.20 ಮಿಲಿಲೀಟರ್ ಬಂದವು. ಇವು ಒಂದಕ್ಕೊಂದು ಹೊಂದುವುದಿಲ್ಲವೆಂದು ತಿಳಿದು ಉಪಕರಣವನ್ನು ಮತ್ತೊಮ್ಮೆ ಪರಿಶೀಲಿಸಿದೆ. ಬ್ಯುರೆಟ್ ತುಂಬಿಸಿದ ಆಲಿಕೆಯನ್ನು ಮೇಲೆಯೇ ಬಿಟ್ಟಿದ್ದೆ, ಅದರಿಂದ ನಡುನಡುವೆ ಹನಿ ಇಳಿಯುತ್ತಿತ್ತು. ಕೆಳಗೆ ತುದಿಯಲ್ಲಿ ಗಾಳಿಗುಳ್ಳೆಯೂ ಇತ್ತು. ಎರಡನ್ನೂ ಸರಿಪಡಿಸಿ ಮತ್ತೆ ಮೂರು ಸಲ ಮಾಡಿದಾಗ 24.60, 24.55, 24.60 ಬಂತು. ಮೊದಲಿನ ರೀಡಿಂಗ್‌ಗಳನ್ನು ಅಳಿಸದೆ, ಅವುಗಳ ಮೇಲೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಕಾರಣವನ್ನು ಬರೆದೆ.’

ಇದರಲ್ಲಿ ಆಸಕ್ತಿ ಎಂಬ ಪದವಿಲ್ಲ, ಪರಿಶ್ರಮ ಎಂಬ ಪದವೂ ಇಲ್ಲ. ಆದರೂ ಎರಡೂ ಎದ್ದು ಕಾಣುತ್ತವೆ. ಬ್ಯುರೆಟ್‌ನ ಗೆರೆಗಳು 0.1 ಮಿಲಿಲೀಟರ್‌ಗೊಂದರಂತೆ ಇರುತ್ತವೆ, ಎರಡು ಗೆರೆಗಳ ನಡುವೆ 0.05ರವರೆಗೆ ಓದಬೇಕು ಎಂಬುದು ಇವರಿಗೆ ಗೊತ್ತಿದೆ, ಹಾಗಾಗಿಯೇ 24.6 ಎನ್ನದೆ 24.60 ಎಂದಿದ್ದಾರೆ. ರೀಡಿಂಗ್‌ಗಳು ಪರಸ್ಪರ 0.1 ಮಿಲಿಲೀಟರ್‌ನೊಳಗೆ ಹೊಂದಿದರೆ ಮಾತ್ರ ಸರಾಸರಿ ತೆಗೆಯಬೇಕೆಂಬುದು ಗೊತ್ತಿದೆ. ಅಳಿಸುವ ಬದಲು ಒಂದೇ ಗೆರೆ ಎಳೆದದ್ದಂತೂ ನನ್ನಂಥವರಿಗೆ ಬಹಳ ಹಿಡಿಸುವ ವಿಷಯ, ಏಕೆಂದರೆ ಕೆಲಸದ ಪ್ರಯೋಗಾಲಯಗಳಲ್ಲಿ ದಾಖಲೆ ಇಡುವ ಮೂಲ ನಿಯಮವೇ ಅದು: ತಪ್ಪಾದ ಬರಹವೂ ಓದಲು ಬರುವಂತಿರಬೇಕು, ತಿದ್ದಿದವರು ಯಾರು, ಯಾವಾಗ ತಿದ್ದಿದರು, ಏಕೆ ತಿದ್ದಿದರು ಎಂಬುದು ಪಕ್ಕದಲ್ಲೇ ಸಿಗಬೇಕು. ರಬ್ಬರು, ಬಿಳಿ ಶಾಯಿ ಎರಡಕ್ಕೂ ಅಲ್ಲಿ ಜಾಗವಿಲ್ಲ.

ಆ ಬರಹ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದಿತ್ತು. ಆಲಿಕೆಯಿಂದ ಹನಿ ಇಳಿದರೆ ಬ್ಯುರೆಟ್‌ನಲ್ಲಿ ದ್ರಾವಣದ ಮಟ್ಟ ಏರಿ, ನಿಜವಾಗಿ ಬಳಸಿದ್ದಕ್ಕಿಂತ ಕಡಿಮೆ ರೀಡಿಂಗ್ ಬರುತ್ತದೆ. ತುದಿಯ ಗಾಳಿಗುಳ್ಳೆ ನಡುವೆ ಹೊರಬಿದ್ದರೆ ಆ ಜಾಗವನ್ನು ದ್ರಾವಣ ತುಂಬಿಕೊಳ್ಳುತ್ತದೆ. ಫ್ಲಾಸ್ಕ್‌ಗೆ ಬೀಳದ ದ್ರಾವಣವೂ ಲೆಕ್ಕಕ್ಕೆ ಸೇರಿ ರೀಡಿಂಗ್ ಹೆಚ್ಚಾಗುತ್ತದೆ. ಒಂದು ತಪ್ಪು ಕೆಳಕ್ಕೆ ಎಳೆಯುತ್ತದೆ, ಇನ್ನೊಂದು ಮೇಲಕ್ಕೆ. ರೀಡಿಂಗ್‌ಗಳು ಎರಡೂ ಕಡೆಗೆ ಚದುರಿದ್ದು ಅದರಿಂದಲೇ ಇರಬಹುದು. ಇಷ್ಟನ್ನು ಒಂದು ವಾಕ್ಯದಲ್ಲಿ ಸೇರಿಸಿದ ವಿದ್ಯಾರ್ಥಿಯನ್ನು ಸಂದರ್ಶನಕ್ಕೆ ಕರೆಯದೆ ಇರುವುದು ನನಗಂತೂ ಕಷ್ಟ. ಅಂಕ ಎಷ್ಟು ಎಂದು ಆಮೇಲೆ ನೋಡುತ್ತೇನೆ.

ನಿಮ್ಮ ಹಳೆಯ ಪ್ರಯೋಗ ಪುಸ್ತಕವನ್ನು ತೆಗೆದು ಕುಳಿತುಕೊಳ್ಳಿ. ನೀಟಾಗಿ ನಕಲು ಮಾಡಿದ ರೆಕಾರ್ಡ್ ಬೇಡ, ಪ್ರಯೋಗದ ಹೊತ್ತಿನಲ್ಲಿ ಗೀಚಿದ ಕಚ್ಚಾ ಪುಸ್ತಕವೇ ಬೇಕು. ಲೆಕ್ಕ ಹೊಂದದೆ ಹೋದ ದಿನ, ಪಕ್ಕದ ಮೇಜಿನವರಿಗಿಂತ ಬೇರೆ ಉತ್ತರ ಬಂದ ದಿನ, ಶಿಕ್ಷಕರನ್ನು ಕೇಳಬೇಕಾಗಿ ಬಂದ ದಿನ, ಇಂಥವನ್ನು ಗುರುತು ಹಾಕಿಕೊಳ್ಳಿ. ಕ್ಷಾರದಲ್ಲಿ ಗುಲಾಬಿಯಾಗುವ ಫೀನಾಲ್ಫ್ಥಲೀನ್ ಎಂಬ ಸೂಚಕವನ್ನು ಹಾಕಿದ ದ್ರಾವಣದಲ್ಲಿ ತಿಳಿ ಗುಲಾಬಿ ಬಣ್ಣ ಬಂದು, ಸ್ವಲ್ಪ ಹೊತ್ತು ಬಿಟ್ಟರೆ ಅದು ತಾನಾಗಿ ಮಾಸಿಹೋಗುವುದನ್ನು ನೀವು ಗಮನಿಸಿರಬಹುದು. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಕರಗಿ ದ್ರಾವಣದ ಕ್ಷಾರಗುಣವನ್ನು ತಗ್ಗಿಸುವುದೇ ಅದಕ್ಕೆ ಕಾರಣ. ಬಿಸಿಯಾಗಿರುವ ಮೂಸೆಯನ್ನು ತಕ್ಕಡಿಯಲ್ಲಿಟ್ಟರೆ ಅದರ ಸುತ್ತಲಿನ ಗಾಳಿ ಬಿಸಿಯಾಗಿ ಮೇಲೇಳುವುದರಿಂದ ತೂಕ ನಿಜಕ್ಕಿಂತ ಕಡಿಮೆ ತೋರುತ್ತದೆ. ಇಂಥ ಒಂದು ಸಣ್ಣ ಸಂಗತಿಯನ್ನು ನೀವೇ ಕಂಡು, ಏಕೆ ಹೀಗಾಯಿತೆಂದು ಹುಡುಕಿ ತಿಳಿದಿದ್ದರೆ ಅದೇ ನಿಮ್ಮ ಅರ್ಜಿಯ ಬೆನ್ನೆಲುಬು. ಕಂಡಿಲ್ಲದ್ದನ್ನು ಮಾತ್ರ ನನ್ನ ಈ ಉತ್ತರದಿಂದ ಎತ್ತಿ ಬರೆಯಬೇಡಿ. ಸಂದರ್ಶನದಲ್ಲಿ ಎರಡನೆಯ ಪ್ರಶ್ನೆಗೇ ಅದು ಗೊತ್ತಾಗಿಬಿಡುತ್ತದೆ.

ಅನುಭವವಿಲ್ಲದ ಹುಡುಗನೊಬ್ಬನ ಅರ್ಜಿಯ ಕುರಿತು ಮಾತು ಬಂದಾಗಲೆಲ್ಲ ನನಗೆ ಮೈಕೆಲ್ ಫ್ಯಾರಡೆ ನೆನಪಾಗುತ್ತಾನೆ. ಆತ 1791ರಲ್ಲಿ ಹುಟ್ಟಿದ ಬಡವರ ಮನೆಯ ಹುಡುಗ. ಓದು ಬರಹ ಕಲಿತಷ್ಟಕ್ಕೇ ಶಾಲೆ ಮುಗಿಯಿತು. ಲಂಡನ್ನಿನ ಪುಸ್ತಕ ಕಟ್ಟುವ ಅಂಗಡಿಯೊಂದರಲ್ಲಿ ಏಳು ವರ್ಷದ ಅಪ್ರೆಂಟಿಸ್ ಆಗಿ ಸೇರಿ, ಕಟ್ಟಲು ಬಂದ ಪುಸ್ತಕಗಳನ್ನೇ ಓದಿ ವಿಜ್ಞಾನದ ರುಚಿ ಹತ್ತಿಸಿಕೊಂಡ. 1812ರಲ್ಲಿ ಅಂಗಡಿಯ ಗಿರಾಕಿಯೊಬ್ಬರು ಕೊಟ್ಟ ಟಿಕೆಟ್ಟಿನಿಂದ ರಾಯಲ್ ಇನ್‌ಸ್ಟಿಟ್ಯೂಷನ್ ಎಂಬ ವಿಜ್ಞಾನ ಸಂಸ್ಥೆಯಲ್ಲಿ ರಸಾಯನ ವಿಜ್ಞಾನಿ ಹಂಫ್ರಿ ಡೇವಿಯ ನಾಲ್ಕು ಉಪನ್ಯಾಸಗಳನ್ನು ಕೇಳುವ ಅವಕಾಶ ಅವನಿಗೆ ಸಿಕ್ಕಿತು. ವಿಜ್ಞಾನದ ಯಾವುದಾದರೊಂದು ಕೆಲಸ ಕೊಡಿಸಿ ಎಂದು ರಾಯಲ್ ಸೊಸೈಟಿಯ ಅಧ್ಯಕ್ಷರಾಗಿದ್ದ ಜೋಸೆಫ್ ಬ್ಯಾಂಕ್ಸ್ ಅವರಿಗೆ ಅವನು ಪತ್ರ ಬರೆದದ್ದುಂಟು. ಅದಕ್ಕೆ ಉತ್ತರ ಬರಲಿಲ್ಲ. ನಿಮ್ಮ ಆರು ಅರ್ಜಿಗಳಿಗೆ ಆದಂತೆಯೇ.

ಡೇವಿಗೆ ಬರೆದಾಗ ಮಾತ್ರ ಅವನು ಬರಿಯ ಕೋರಿಕೆಯನ್ನು ಕಳಿಸಲಿಲ್ಲ. ಆ ನಾಲ್ಕು ಉಪನ್ಯಾಸಗಳಲ್ಲಿ ಬರೆದುಕೊಂಡ ಟಿಪ್ಪಣಿಗಳನ್ನು ವಿಸ್ತರಿಸಿ, ಉಪಕರಣಗಳ ಚಿತ್ರಗಳನ್ನು ತನ್ನ ಕೈಯಿಂದಲೇ ಬಿಡಿಸಿ, ಮುನ್ನೂರಕ್ಕೂ ಹೆಚ್ಚು ಪುಟಗಳ ಪುಸ್ತಕವನ್ನು ತಾನೇ ಕಟ್ಟಿ ಪತ್ರದೊಂದಿಗೆ ಇಟ್ಟ. ಡೇವಿ ಆ ಡಿಸೆಂಬರ್‌ನಲ್ಲಿಯೇ ಉತ್ತರ ಬರೆದರು, ಭೇಟಿಗೂ ಕರೆದರು. ಆಗ ಖಾಲಿ ಹುದ್ದೆ ಇರಲಿಲ್ಲ. ಕೆಲವೇ ವಾರಗಳಲ್ಲಿ ಪ್ರಯೋಗಾಲಯದ ಸಹಾಯಕನೊಬ್ಬ ಜಗಳ ಮಾಡಿ ಕೆಲಸ ಕಳೆದುಕೊಂಡಾಗ ಡೇವಿಗೆ ಮೊದಲು ನೆನಪಾದದ್ದು ಈ ಹುಡುಗ. 1813ರ ಮಾರ್ಚ್ 1ರಂದು ಫ್ಯಾರಡೆ ಅಲ್ಲಿ ರಾಸಾಯನಿಕ ಸಹಾಯಕನಾಗಿ ನೇಮಕಗೊಂಡ. ವಿದ್ಯುತ್ಕಾಂತೀಯ ಪ್ರೇರಣೆಯನ್ನು ಅವನು ಕಂಡುಹಿಡಿದದ್ದು ಅದಾಗಿ ಹದಿನೆಂಟು ವರ್ಷಗಳ ಮೇಲೆ, 1831ರಲ್ಲಿ. ನೇಮಕವಾದ ದಿನ ಅವನ ಕೈಯಲ್ಲಿ ಇದ್ದದ್ದು ಕೇಳಿದ್ದನ್ನು ತಪ್ಪಿಲ್ಲದೆ, ಅಚ್ಚುಕಟ್ಟಾಗಿ ಬರೆದಿಡಬಲ್ಲೆ ಎಂಬುದಕ್ಕೆ ಒಂದು ಪುರಾವೆ ಮಾತ್ರ. ಬ್ಯಾಂಕ್ಸ್ ಅವರಿಗೆ ಬರೆದ ಪತ್ರದಲ್ಲಿ ಆಸೆಯಿತ್ತು. ಡೇವಿಗೆ ಬರೆದದ್ದರಲ್ಲಿ ಆಸೆಯ ಜೊತೆಗೆ ಪುರಾವೆಯೂ ಇತ್ತು. ನೀವು ಮುನ್ನೂರು ಪುಟ ಬರೆಯುವ ಅಗತ್ಯವಿಲ್ಲ, ಮೇಲೆ ತೋರಿಸಿದಂಥ ಎಂಟು ಹತ್ತು ಸಾಲು ಸಾಕು.

ಇನ್ನು ಜಾಹೀರಾತನ್ನು ಓದುವ ವಿಷಯ. ಆರೂ ಕಡೆಗೆ ಒಂದೇ ಬರಹವನ್ನು ಕಳಿಸಿದ್ದೀರೆಂದು ನಿಮ್ಮ ಪ್ರಶ್ನೆಯಿಂದ ತಿಳಿಯುತ್ತದೆ. ವಿಜ್ಞಾನದ ಅಪ್ರೆಂಟಿಸ್‌ಶಿಪ್ ಎಂಬ ಒಂದೇ ಹೆಸರಿನಡಿ ತೀರಾ ಬೇರೆ ಬೇರೆ ಕೆಲಸಗಳಿವೆ. ರಾಸಾಯನಿಕ ವಿಶ್ಲೇಷಣೆ, ಸೂಕ್ಷ್ಮಜೀವಿ ಪರೀಕ್ಷೆ, ಆಹಾರದ ಗುಣಮಟ್ಟ, ಔಷಧ ತಯಾರಿಕೆ, ಆಸ್ಪತ್ರೆಯ ಲ್ಯಾಬ್, ಲೋಹಗಳ ಪರೀಕ್ಷೆ, ಉಪಕರಣಗಳ ದುರಸ್ತಿ ಮತ್ತು ಮಾಪನಾಂಕ ನಿರ್ಣಯ (ಉಪಕರಣ ಸರಿಯಾಗಿ ಅಳೆಯುತ್ತದೆಯೇ ಎಂದು ತಾಳೆ ನೋಡುವುದು), ಬೀಜ ಮತ್ತು ಮಣ್ಣಿನ ಪರೀಕ್ಷೆ, ಹೀಗೆ. ಸೂಕ್ಷ್ಮಜೀವಿ ಪ್ರಯೋಗಾಲಯದವರಿಗೆ ನಿಮ್ಮ ಟೈಟ್ರೇಶನ್‌ಗಿಂತ, ಸೂಕ್ಷ್ಮಜೀವಿಗಳನ್ನು ಬೆಳೆಸುವ ಅಗಾರ್ ತಟ್ಟೆಯ ಮುಚ್ಚಳವನ್ನು ಹೇಗೆ, ಎಷ್ಟು ಹೊತ್ತು ತೆರೆದಿರಿ ಎಂಬುದು ಮುಖ್ಯ. ಉಪಕರಣಗಳ ವಿಭಾಗದವರಿಗೆ ನೀವು ಕೆಟ್ಟ ಸೈಕಲ್ಲನ್ನೋ ರೇಡಿಯೋವನ್ನೋ ಬಿಚ್ಚಿ ಜೋಡಿಸಿದ ಕಥೆ ಅಂಕಪಟ್ಟಿಗಿಂತ ಹೆಚ್ಚು ಹೇಳುತ್ತದೆ.

ಜಾಹೀರಾತಿನ ಒಂದು ಪ್ರತಿಯನ್ನು ಮುದ್ರಿಸಿಯೋ ಫೋಟೊ ತೆಗೆದೋ ಇಟ್ಟುಕೊಳ್ಳಿ. ಕೊನೆಯ ದಿನಾಂಕ ಮುಗಿದ ಮೇಲೆ ಅದು ಅಂತರ್ಜಾಲದಿಂದ ಮಾಯವಾಗುವುದು ಸಾಮಾನ್ಯ, ಸಂದರ್ಶನಕ್ಕೆ ಕರೆ ಬಂದಾಗ ಅವರು ಏನು ಕೇಳಿದ್ದರೆಂಬುದೇ ನೆನಪಿರುವುದಿಲ್ಲ. ಆ ಪ್ರತಿಯಲ್ಲಿ ಪ್ರತಿಯೊಂದು ಬೇಡಿಕೆಯ ಕೆಳಗೂ ಗೆರೆ ಎಳೆದು, ಪಕ್ಕದಲ್ಲಿ ನಿಮ್ಮ ಬದುಕಿನ ಒಂದೊಂದು ಘಟನೆಯನ್ನು ಬರೆಯಿರಿ. ‘ವಿವರಗಳ ಕಡೆಗೆ ಗಮನ’ ಎಂದಿದ್ದರೆ ಟೈಟ್ರೇಶನ್‌ನ ಆ ದಿನ. ‘ಸುರಕ್ಷತಾ ನಿಯಮಗಳ ಪಾಲನೆ’ ಎಂದಿದ್ದರೆ, ಆಮ್ಲವನ್ನು ತಿಳಿಗೊಳಿಸುವಾಗ ನೀರಿಗೆ ಆಮ್ಲವನ್ನು ಸೇರಿಸಬೇಕೇ ಹೊರತು ಆಮ್ಲಕ್ಕೆ ನೀರನ್ನಲ್ಲ ಎಂದು ಜೊತೆಯವರನ್ನು ತಡೆದ ಪ್ರಸಂಗವಿದ್ದರೆ ಅದು. ‘ಪಾಳಿಯಲ್ಲಿ ಕೆಲಸ ಮಾಡಬಲ್ಲವರು’ ಎಂದಿದ್ದರೆ, ಬೆಳಗ್ಗೆ ಐದಕ್ಕೆ ಎದ್ದು ಒಂದು ವರ್ಷ ತಪ್ಪದೆ ಪತ್ರಿಕೆ ಹಂಚಿದ್ದು. ಯಾವ ಬೇಡಿಕೆಯ ಪಕ್ಕದಲ್ಲಿ ಏನನ್ನೂ ಬರೆಯಲಾಗಲಿಲ್ಲವೋ ಅಲ್ಲಿ ಇಲ್ಲದ್ದನ್ನು ಕಟ್ಟಬೇಡಿ. ಅದು ನೀವು ಕಲಿಯಲು ಬಯಸುವ ವಿಷಯವೆಂದು ನೇರವಾಗಿ ಹೇಳಿ. ಅಪ್ರೆಂಟಿಸ್ ಎಂದರೆ ಕಲಿಯಲು ಬಂದವರು, ಎಲ್ಲವನ್ನೂ ಕಲಿತು ಬಂದವರೆಂದು ಯಾರೂ ಎಣಿಸುವುದಿಲ್ಲ.

ಆ ಸಂಸ್ಥೆ ಏನು ಮಾಡುತ್ತದೆ ಎಂಬುದನ್ನು ಒಂದು ಗಂಟೆ ಕೂತು ಓದಿ. ‘ನಿಮ್ಮ ಹೆಸರಾಂತ ಸಂಸ್ಥೆ’ ಎಂಬ ಮಾತಿಗೆ ಯಾರೂ ಮರುಳಾಗುವುದಿಲ್ಲ. ಅದು ಯಾವ ಮಾದರಿಗಳನ್ನು ಪರೀಕ್ಷಿಸುತ್ತದೆ, ಯಾರಿಗಾಗಿ ಪರೀಕ್ಷಿಸುತ್ತದೆ, ಅದಕ್ಕೆ ಯಾವ ಮಾನ್ಯತೆ ಇದೆ ಎಂಬುದು ತಿಳಿದಿದ್ದರೆ ಸಾಕು. ಪರೀಕ್ಷಣಾ ಮತ್ತು ಮಾಪನಾಂಕ ಪ್ರಯೋಗಾಲಯಗಳಾದರೆ ಐಎಸ್‌ಒ/ಐಇಸಿ 17025 ಎಂಬ ಮಾನದಂಡದ ಹೆಸರು ಕಾಣಸಿಗುತ್ತದೆ, ಅದರ ಈಗಿನ ಆವೃತ್ತಿ 2017ರದು. ವೈದ್ಯಕೀಯ ಪ್ರಯೋಗಾಲಯಗಳಾದರೆ ಐಎಸ್‌ಒ 15189. ಇವುಗಳ ಒಳವಿವರ ನಿಮಗೆ ಬೇಕಿಲ್ಲ. ಇಂಥದ್ದೊಂದು ಇದೆ, ಪ್ರತಿ ಫಲಿತಾಂಶದ ಹಿಂದೆಯೂ ಯಾವ ಉಪಕರಣ, ಯಾರ ಕೈ, ಯಾವ ದಿನ ಎಂದು ಪತ್ತೆಹಚ್ಚುವಂತಿರಬೇಕು ಎಂಬಷ್ಟು ತಿಳಿದು, ನಿಮ್ಮ ಪ್ರಯೋಗ ಪುಸ್ತಕದ ಅಭ್ಯಾಸಕ್ಕೆ ಅದನ್ನು ಜೋಡಿಸಿ ಒಂದು ವಾಕ್ಯ ಬರೆದರೆ ಓದುವವರು ತಲೆಯೆತ್ತಿ ನೋಡುತ್ತಾರೆ.

‘ಕಾಲೇಜಿಗೆ ಹೋಗದೆ ಇಲ್ಲಿಗೇಕೆ ಬರುತ್ತೀರಿ?’ ಈ ಪ್ರಶ್ನೆಯನ್ನು ಅರ್ಜಿಯಲ್ಲಿ ಕೇಳದಿದ್ದರೂ ಓದುವವರ ಮನಸ್ಸಿನಲ್ಲಿ ಅದು ಇದ್ದೇ ಇರುತ್ತದೆ, ಸಂದರ್ಶನದಲ್ಲಂತೂ ಬಂದೇ ಬರುತ್ತದೆ. ತರಬೇತಿ ಕೊಡುವ ಸಂಸ್ಥೆ ಎರಡು ಮೂರು ವರ್ಷ ನಿಮಗಾಗಿ ಹಿರಿಯರ ಸಮಯ, ಸಾಮಗ್ರಿ, ವೇತನ ಎಲ್ಲವನ್ನೂ ಖರ್ಚು ಮಾಡುತ್ತದೆ. ಕಾಲೇಜಿನಲ್ಲಿ ಸೀಟು ಸಿಕ್ಕ ಮರುದಿನ ಬಿಟ್ಟು ಹೋಗುವವರೆಂಬ ಅನುಮಾನ ಬಂದರೆ ಉಳಿದ ಗುಣಗಳೆಲ್ಲ ಹಿಂದೆ ಬೀಳುತ್ತವೆ. ‘ಅಂಕ ಸಾಲಲಿಲ್ಲ’, ‘ಮನೆಯಲ್ಲಿ ಹೇಳಿದರು’ ಎಂಬ ಉತ್ತರಗಳು ಆ ಅನುಮಾನವನ್ನು ಗಟ್ಟಿ ಮಾಡುತ್ತವೆ. ಮನೆಯ ಹಣಕಾಸಿನ ಕಾರಣಕ್ಕೆ ಬೇಗ ದುಡಿಯಬೇಕಾಗಿದ್ದರೆ ಅದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ, ಹೇಳಿ. ಅದರೊಂದಿಗೆ ಕೆಲಸದ ಕಡೆಗಿನ ಕಾರಣವೊಂದೂ ಇರಲಿ: ಪಾಠ ಕೇಳುವುದಕ್ಕಿಂತ ಕೈಯಿಂದ ಮಾಡಿದಾಗ ನನಗೆ ಚೆನ್ನಾಗಿ ಅರ್ಥವಾಗುತ್ತದೆ, ಅದಕ್ಕೆ ಇಂಥ ಪ್ರಯೋಗವೇ ಸಾಕ್ಷಿ ಎಂಬಂತೆ. ಕೆಲಸ ಮತ್ತು ಓದು ಎರಡನ್ನೂ ಒಟ್ಟಿಗೆ ನಿಭಾಯಿಸುವುದು ಸುಲಭವಲ್ಲ. ದಿನವಿಡೀ ನಿಂತು ಕೆಲಸ ಮಾಡಿ ಬಂದು ರಾತ್ರಿ ಪಾಠದ ಟಿಪ್ಪಣಿ ಬರೆಯುವ ಬದುಕು ಅದು. ಅದನ್ನು ತಿಳಿದೇ ಬರುತ್ತಿದ್ದೇನೆ ಎಂದು ತೋರಿಸುವವರ ಮೇಲೆ ನಮಗೆ ಭರವಸೆ ಮೂಡುತ್ತದೆ.

ಅಪ್ರೆಂಟಿಸ್‌ಶಿಪ್ ಎಂದರೆ ಓದಲಾಗದವರ ದಾರಿ ಎಂಬ ಮಾತು ನಿಮ್ಮ ಕಿವಿಗೂ ಬಿದ್ದಿರಬಹುದು. ನಾನು ಕಂಡ ಅತ್ಯುತ್ತಮ ವಿಶ್ಲೇಷಕರಲ್ಲಿ ಹಲವರು ಈ ದಾರಿಯಲ್ಲೇ ಬಂದವರು, ಆಮೇಲೆ ಕೆಲಸದಲ್ಲಿದ್ದುಕೊಂಡೇ ಪದವಿ ಪಡೆದವರೂ ಇದ್ದಾರೆ. ಅರ್ಜಿಯಲ್ಲಿ ಕ್ಷಮೆ ಕೇಳುವ ಧ್ವನಿ ಎಲ್ಲಿಯೂ ನುಸುಳದಂತೆ ನೋಡಿಕೊಳ್ಳಿ.

ಶಾಲೆಯ ಆಚೆಗೆ ಪುರಾವೆ ಕೂಡಿಸಲು ಇನ್ನೂ ಸಮಯವಿದೆ. ಅದಕ್ಕೆ ದುಬಾರಿ ಉಪಕರಣ ಬೇಡ. ಒಂದೇ ಬಗೆಯ ಐವತ್ತು ಬೀಜಗಳನ್ನು ಐದು ಗುಂಪು ಮಾಡಿ, ನೀರಿನ ಪ್ರಮಾಣವೊಂದನ್ನು ಮಾತ್ರ ಬದಲಿಸಿ, ಮೂವತ್ತು ದಿನ ಪ್ರತಿದಿನ ಒಂದೇ ಹೊತ್ತಿಗೆ ಅಳೆದು ಬರೆದಿಡಿ. ಅಥವಾ ಅಗಲವಾದ ಪಾತ್ರೆಯಲ್ಲಿ ನೀರಿಟ್ಟು, ದಿನದಿನವೂ ಎಷ್ಟು ಆವಿಯಾಯಿತೆಂದು ತೂಕದಿಂದ ತಿಳಿದು, ಅಂದಿನ ಉಷ್ಣಾಂಶದೊಂದಿಗೆ ಹೋಲಿಸಿ. ಇದರಲ್ಲಿ ಹೊಸ ಸಂಶೋಧನೆಯೇನೂ ಆಗುವುದಿಲ್ಲ. ಮೂವತ್ತು ದಿನ ತಪ್ಪದೆ ಬರೆದ ಪುಸ್ತಕವೊಂದು ನಿಮ್ಮ ಕೈಯಲ್ಲಿ ಇರುತ್ತದೆ. ಹದಿನೇಳನೆಯ ದಿನ ಊರಿಗೆ ಹೋದದ್ದರಿಂದ ಅಳೆಯಲಾಗಲಿಲ್ಲವಾದರೆ ಆ ಜಾಗವನ್ನು ಖಾಲಿ ಬಿಟ್ಟು ಕಾರಣ ಬರೆಯಿರಿ. ಆ ಖಾಲಿ ಜಾಗ, ಊಹಿಸಿ ತುಂಬಿದ ಯಾವ ಸಂಖ್ಯೆಗಿಂತಲೂ ಹೆಚ್ಚು ಬೆಲೆಯುಳ್ಳದ್ದು. ಆದರೆ ಮನೆಯಲ್ಲಿ ರಾಸಾಯನಿಕಗಳ ಪ್ರಯೋಗಕ್ಕೆ ಕೈ ಹಾಕಬೇಡಿ. ಸ್ವಚ್ಛಗೊಳಿಸುವ ಬ್ಲೀಚ್‌ಗೆ ಆಮ್ಲ ಬೆರೆತರೆ ಕ್ಲೋರಿನ್ ಅನಿಲ, ಅಮೋನಿಯ ಬೆರೆತರೆ ಕ್ಲೋರಮೀನ್ ಹೊರಬರುತ್ತದೆ. ಎರಡೂ ಶ್ವಾಸಕೋಶಕ್ಕೆ ಅಪಾಯಕಾರಿ. ಅಂಥ ‘ಸಾಹಸ’ವನ್ನು ಅರ್ಜಿಯಲ್ಲಿ ಹೇಳಿಕೊಂಡರೆ ಸುರಕ್ಷತೆಯ ಅರಿವಿಲ್ಲದವರೆಂದೇ ನಾವು ಎಣಿಸುತ್ತೇವೆ.

ವಿಜ್ಞಾನಕ್ಕೆ ಸಂಬಂಧವಿಲ್ಲದ ಕೆಲಸಗಳನ್ನೂ ಬಿಡಬೇಡಿ. ಅಂಗಡಿಯಲ್ಲಿ ದಿನದ ಕೊನೆಗೆ ಲೆಕ್ಕ ತಾಳೆ ನೋಡಿದ್ದು, ಅಡುಗೆಮನೆಯಲ್ಲಿ ಹಸಿ ಪದಾರ್ಥ ಮತ್ತು ಬೇಯಿಸಿದ್ದನ್ನು ಬೇರೆ ಬೇರೆ ಹಲಗೆಗಳ ಮೇಲೆ ಹೆಚ್ಚುವ ಶಿಸ್ತು, ಕಾಯಿಲೆಯಲ್ಲಿದ್ದ ಹಿರಿಯರಿಗೆ ಹೊತ್ತು ಹೊತ್ತಿಗೆ ಔಷಧಿ ಕೊಟ್ಟು ಗುರುತು ಹಾಕಿದ್ದು, ಇವೆಲ್ಲವೂ ಪ್ರಯೋಗಾಲಯಕ್ಕೆ ಬೇಕಾದ ಅಭ್ಯಾಸಗಳೇ.

ಬರವಣಿಗೆಯ ಕುರಿತು ಹೆಚ್ಚು ಹೇಳಬೇಕಾಗಿಲ್ಲ. ವಾಕ್ಯಗಳು ಸರಳವಾಗಿರಲಿ, ಕೇಳಿದ ಪದಮಿತಿಯನ್ನು ಮೀರಬೇಡಿ, ಸಂಖ್ಯೆಯ ಮುಂದೆ ಅದರ ಮಾನವಿರಲಿ. ‘25 ಸೇರಿಸಿದೆ’ ಎಂದು ಬರೆದವರು ಲ್ಯಾಬಿನಲ್ಲಿಯೂ ಹಾಗೆಯೇ ಬರೆಯುತ್ತಾರೆಂಬ ಭಯ ನಮಗಿದೆ. ಸಂಸ್ಥೆಯ ಹೆಸರನ್ನು ತಪ್ಪಾಗಿ ಬರೆಯುವುದು, ಹಿಂದಿನ ಅರ್ಜಿಯಲ್ಲಿದ್ದ ಬೇರೆ ಸಂಸ್ಥೆಯ ಹೆಸರನ್ನು ಹಾಗೆಯೇ ಉಳಿಸುವುದು ನೀವು ಊಹಿಸಿದ್ದಕ್ಕಿಂತ ಹೆಚ್ಚಾಗಿ ನಡೆಯುತ್ತದೆ. ಇನ್ನು ಕಂಪ್ಯೂಟರ್ ಬರೆದುಕೊಡುವ ಅರ್ಜಿಗಳು. ಕಾಗುಣಿತ ನೋಡಿಸಿಕೊಳ್ಳಲು ಬಳಸಿದರೆ ಅಡ್ಡಿಯಿಲ್ಲ. ಇಡೀ ಬರಹವನ್ನೇ ಅದಕ್ಕೆ ಒಪ್ಪಿಸಿದರೆ ಬರುವುದು ಎಲ್ಲರಿಗೂ ಬರುವಂಥ ನುಣುಪಾದ ಗದ್ಯ, ನಿಮ್ಮ ಮೊದಲ ಎರಡು ವಾಕ್ಯಗಳ ಹಿಗ್ಗಿಸಿದ ರೂಪ. ಗಾಳಿಗುಳ್ಳೆಯನ್ನು ಕಂಡದ್ದು ನೀವು, ಅದು ಯಂತ್ರಕ್ಕೆ ಗೊತ್ತಿಲ್ಲ.

ನಿಮ್ಮ ಪರವಾಗಿ ಮಾತಾಡುವವರನ್ನು ಆರಿಸುವಾಗ ಹುದ್ದೆ ನೋಡಬೇಡಿ. ನಿಮ್ಮ ಹೆಸರೂ ನೆನಪಿಲ್ಲದ ಮುಖ್ಯೋಪಾಧ್ಯಾಯರಿಗಿಂತ, ನೀವು ಬೀಕರ್ ತೊಳೆದಿಟ್ಟು ಹೋಗುವುದನ್ನು ವಾರವಾರವೂ ಕಂಡ ಪ್ರಯೋಗಾಲಯದ ಶಿಕ್ಷಕರ ಮಾತು ತೂಕದ್ದು. ಮುಂಚೆಯೇ ಅವರ ಒಪ್ಪಿಗೆ ಕೇಳಿ, ಜಾಹೀರಾತಿನ ಪ್ರತಿಯನ್ನೂ ನಿಮ್ಮ ಬರಹವನ್ನೂ ಅವರಿಗೆ ಕೊಡಿ. ಬಣ್ಣಗಳನ್ನು ಗುರುತಿಸುವ ತೊಂದರೆ, ಕೈಗವಸಿನ ರಬ್ಬರಿನ ಅಲರ್ಜಿ, ಬಹಳ ಹೊತ್ತು ನಿಲ್ಲಲಾಗದ ಸಮಸ್ಯೆ ಇಂಥವೇನಾದರೂ ಇದ್ದರೆ, ಆ ಕೆಲಸಕ್ಕೆ ಅದು ಅಡ್ಡಿಯಾಗುತ್ತದೆಯೇ, ಹೊಂದಾಣಿಕೆ ಸಾಧ್ಯವೇ ಎಂದು ಮೊದಲೇ ವಿಚಾರಿಸಿ. ಹೆಚ್ಚಿನ ಸಂದರ್ಭಗಳಲ್ಲಿ ದಾರಿ ಸಿಗುತ್ತದೆ.

ಕರೆ ಬಂದ ಮೇಲೆ ನಡೆಯುವುದನ್ನೂ ಸ್ವಲ್ಪ ಹೇಳಿಬಿಡುತ್ತೇನೆ, ಏಕೆಂದರೆ ತಯಾರಿ ಈಗಲೇ ಆರಂಭವಾಗಬೇಕು. ಹಲವು ಕಡೆ ಸಣ್ಣ ಲೆಕ್ಕದ ಪರೀಕ್ಷೆ ಇರುತ್ತದೆ: 0.25 ಗ್ರಾಂ ಎಂದರೆ ಎಷ್ಟು ಮಿಲಿಗ್ರಾಂ, 1 ಮೋಲಾರ್ (ದ್ರಾವಣದ ಸಾಂದ್ರತೆಯ ಮಾನ) ದ್ರಾವಣದಿಂದ 0.1 ಮೋಲಾರ್‌ನ 250 ಮಿಲಿಲೀಟರ್ ದ್ರಾವಣ ತಯಾರಿಸಲು ಎಷ್ಟು ತೆಗೆದುಕೊಳ್ಳಬೇಕು, ಹತ್ತರಲ್ಲೊಂದರಂತೆ ಮೂರು ಸಲ ತಿಳಿಗೊಳಿಸಿದರೆ ಕೊನೆಗೆ ಎಷ್ಟು ಪಾಲು ಉಳಿಯುತ್ತದೆ. ಉತ್ತರಗಳು ಕ್ರಮವಾಗಿ 250 ಮಿಲಿಗ್ರಾಂ, 25 ಮಿಲಿಲೀಟರ್, ಸಾವಿರದಲ್ಲೊಂದು. ಕ್ಯಾಲ್ಕುಲೇಟರ್ ಇಲ್ಲದೆ ಮಾಡುವ ರೂಢಿ ಇರಲಿ. ರಾಸಾಯನಿಕದ ಬಾಟಲಿಯ ಮೇಲಿನ ಅಪಾಯ ಚಿಹ್ನೆಗಳನ್ನು ಕಲಿತುಕೊಳ್ಳಿ. ಜಗತ್ತಿನ ಬಹುಭಾಗದಲ್ಲಿ ಬಳಕೆಯಲ್ಲಿರುವ ಜಿಎಚ್‌ಎಸ್ ಎಂಬ ಏಕರೂಪದ ವ್ಯವಸ್ಥೆಯಲ್ಲಿ ಅವು 9 ಇವೆ, ಪ್ರತಿ ರಾಸಾಯನಿಕದ ಸುರಕ್ಷತಾ ವಿವರಪತ್ರದಲ್ಲಿ 16 ವಿಭಾಗಗಳಿರುತ್ತವೆ. ಅಂಥ ಒಂದು ವಿವರಪತ್ರವನ್ನು ಇಡಿಯಾಗಿ ಓದಿ ಹೋದವರು ಬಹಳ ಕಡಿಮೆ.

ಕೈಕೆಲಸದ ಪರೀಕ್ಷೆಯಲ್ಲಿ ಒಂದು ಕಾರ್ಯವಿಧಾನದ ಹಾಳೆಯನ್ನು ಕೊಟ್ಟು ಅದರಂತೆ ಮಾಡಲು ಹೇಳುತ್ತಾರೆ. ನಾವು ಒಮ್ಮೆ ಅಂಥ ಹಾಳೆಯಲ್ಲಿ ಒಂದು ಹೆಜ್ಜೆಯನ್ನು ಬೇಕೆಂದೇ ಅಸ್ಪಷ್ಟವಾಗಿ ಬಿಟ್ಟಿದ್ದೆವು. ‘ದ್ರಾವಣವನ್ನು ಸೇರಿಸಿ’ ಎಂದಿತ್ತು, ಎಷ್ಟು ಎಂದಿರಲಿಲ್ಲ. ಹೆಚ್ಚಿನವರು ತಮಗೆ ತೋಚಿದಷ್ಟು ಸುರಿದು ಮುಂದುವರಿದರು. ಒಬ್ಬ ಹುಡುಗಿ ಪಿಪೆಟ್ಟನ್ನು ಸ್ಟ್ಯಾಂಡಿನಲ್ಲಿಟ್ಟು, ‘ಇಲ್ಲಿ ಪ್ರಮಾಣ ಬರೆದಿಲ್ಲ, ತಿಳಿಯದೆ ಮುಂದೆ ಹೋಗಲಾರೆ’ ಎಂದಳು. ಅವಳ ಕೈ ನಡುಗುತ್ತಿತ್ತು, ಕೆಲಸವೂ ನಿಧಾನ. ಅವಳನ್ನೇ ತೆಗೆದುಕೊಂಡೆವು. ‘ನೀವು ಮಾಡಿದ ಒಂದು ತಪ್ಪನ್ನು ಹೇಳಿ’ ಎಂಬ ಪ್ರಶ್ನೆಗೂ ನಾವು ಬಯಸುವುದು ಇದೇ ಬಗೆಯ ಉತ್ತರ: ತಪ್ಪು ಏನು, ಅದು ನಿಮಗೆ ಹೇಗೆ ತಿಳಿಯಿತು, ಯಾರಿಗೆ ಹೇಳಿದಿರಿ, ಆಮೇಲೆ ಏನನ್ನು ಬದಲಿಸಿದಿರಿ.

ಈಗ ನಿಮ್ಮ ಆರು ಅರ್ಜಿಗಳ ಮಾತಿಗೆ ಮರಳುತ್ತೇನೆ. ಆ ಆರು ಕಡೆಗೂ ಚಿಕ್ಕದೊಂದು ಪತ್ರ ಬರೆದು, ಆಯ್ಕೆಯಾಗದಿರಲು ಕಾರಣವೇನೆಂದು ಎರಡು ಸಾಲಿನಲ್ಲಿ ತಿಳಿಸಲು ಸಾಧ್ಯವೇ ಎಂದು ವಿನಯದಿಂದ ಕೇಳಿ. ಬಹುತೇಕರು ಉತ್ತರಿಸದಿರಬಹುದು, ಒಬ್ಬರು ಉತ್ತರಿಸಿದರೂ ನಿಮಗೆ ಲಾಭವೇ. ಏಳನೆಯದನ್ನು ಕಳಿಸಲು ಅವಸರ ಬೇಡ, ಆದರೆ ಕೊನೆಯ ದಿನದವರೆಗೆ ಕಾಯಲೂ ಬೇಡಿ, ಸಾಕಷ್ಟು ಅರ್ಜಿ ಬಂದೊಡನೆ ಮುಚ್ಚಿಬಿಡುವ ಸಂಸ್ಥೆಗಳೂ ಇವೆ. ಕಚ್ಚಾ ಪುಸ್ತಕದಿಂದ ಆರಿಸಿದ ಒಂದು ದಿನದ ಘಟನೆಯಿಂದಲೇ ಬರಹವನ್ನು ಆರಂಭಿಸಿ, ‘ಚಿಕ್ಕಂದಿನಿಂದಲೂ’ ಎಂಬ ಸಾಲನ್ನು ತೆಗೆದುಹಾಕಿ. ಬರೆದದ್ದನ್ನು ಎರಡು ದಿನ ಮುಟ್ಟದೆ ಇಟ್ಟು, ಮೂರನೆಯ ದಿನ ಪ್ರಯೋಗಾಲಯದ ಶಿಕ್ಷಕರ ಮುಂದೆ ಗಟ್ಟಿಯಾಗಿ ಓದಿ. ಅವರು ‘ಇದು ಹೇಗೆ ಗೊತ್ತಾಯಿತು?’ ಎಂದು ಕೇಳಿದ ಪ್ರತಿ ಜಾಗದಲ್ಲಿಯೂ ಒಂದು ಸಂಖ್ಯೆಯನ್ನೋ ಒಂದು ಘಟನೆಯನ್ನೋ ಸೇರಿಸಿ. ಕಳಿಸಿದ ಅರ್ಜಿಯ ಪ್ರತಿ, ಜಾಹೀರಾತು, ಕಳಿಸಿದ ದಿನಾಂಕ ಮೂರನ್ನೂ ಒಂದೇ ಕಡತದಲ್ಲಿಟ್ಟು, ಸಂದರ್ಶನದ ಹಿಂದಿನ ಸಂಜೆ ಅದನ್ನೇ ತೆರೆದು ಕುಳಿತುಕೊಳ್ಳಿ. ಕಚ್ಚಾ ಪುಸ್ತಕವನ್ನೂ ಸಂದರ್ಶನಕ್ಕೆ ಕೊಂಡೊಯ್ಯಿರಿ. ಕೇಳಿದರೆ ಆ ಪುಟವನ್ನು ತೆರೆದು ತೋರಿಸಬಹುದು.